ರೇಣುಕಾ ಊಟ ಬಿಟ್ಟ ತಿಂಗಳುಗಳು

ಮಿಲ್ಲಿನಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಕೂತಿದ್ದ ರೇಣುಕಾ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಅಲ್ಲೇ ನಿಂದರ್ರಿ. ಒಳಗ ಬರಬ್ಯಾಡ್ರಿ.”

ಯಾಕೆ ಎಂದು ಕೇಳುವಷ್ಟರಲ್ಲಿ ಎದ್ದು ಬಚ್ಚಲಿಗೆ ಓಡಿದಳು. ಬೆಳಿಗ್ಗೆ ತಿಂದ ರೊಟ್ಟಿ, ಮಧ್ಯಾಹ್ನ ಕುಡಿದ ಮಜ್ಜಿಗೆ ಎಲ್ಲ ಹೊರಗೆ ಬಂತು. ಆಗ ಅವಳಿಗೆ ಎರಡನೇ ತಿಂಗಳು.

ನಾನು ಅಮರೇಶ, ಅವಳ ಗಂಡ. ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಬೇಯಿಸುವ ಕಡೆ ನನ್ನ ಡ್ಯೂಟಿ. ನೆನೆಸಿದ ಭತ್ತಕ್ಕೆ ಹಬೆ ಕೊಟ್ಟಾಗ ಏಳುವ ವಾಸನೆ ಬಟ್ಟೆ, ಕೂದಲು, ಉಗುರಿನ ಸಂದು ಯಾವುದನ್ನೂ ಬಿಡುವುದಿಲ್ಲ. ದಿನವೂ ಅದರಲ್ಲೇ ಇರುವ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನಮ್ಮೂರು ಗುರುಗುಂಟಾದ ಹತ್ತಿರ. ರೇಣುಕಾಳ ತವರು ಮಸ್ಕಿ. ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಮಿಲ್ಲಿಗೆ ಸಮೀಪವಾಗಲೆಂದು ಕಾಲುವೆ ಕಡೆಯ ಓಣಿಯಲ್ಲಿ ಸಣ್ಣದೊಂದು ಬಾಡಿಗೆ ಮನೆ ಹಿಡಿದಿದ್ದೆವು.

ಮೊದಲ ದಿನ ಇಬ್ಬರೂ ನಕ್ಕೆವು. ನಾನು ಹೊರಗೇ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಸ್ನಾನ ಮಾಡಿ ಒಳಗೆ ಹೋದೆ. ಎರಡು ವಾರ ಕಳೆಯುವ ಹೊತ್ತಿಗೆ ನಗು ನಿಂತಿತ್ತು.

ಅವಳಿಗೆ ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಸೋಪಿನ ವಾಸನೆ ಆಗುತ್ತಿರಲಿಲ್ಲ. ನೀರು ಕುಡಿದರೂ ಕಾಲು ಗಂಟೆಯಲ್ಲಿ ವಾಪಸ್ ಬರುತ್ತಿತ್ತು. ಮನೆಯಲ್ಲಿ ಒಲೆ ಹಚ್ಚುವುದನ್ನೇ ಬಿಟ್ಟೆವು. ನಾನು ಖಾನಾವಳಿಯಲ್ಲಿ ಉಂಡು, ಬಾಯಿ ತೊಳೆದುಕೊಂಡು, ಬಟ್ಟೆ ಬದಲಿಸಿ ಮನೆಗೆ ಬರುತ್ತಿದ್ದೆ. ಮಲಗುವುದು ಹೊರಗಿನ ಕಟ್ಟೆಯ ಮೇಲೆ. ನನ್ನ ಹೆಂಡತಿಗೆ ನನ್ನ ಮೈಯೇ ಬೇಡವಾಗಿದೆ ಎಂಬ ಸಿಟ್ಟು ಒಳಗೊಳಗೇ ಬೆಳೆಯಿತು. ಅವಳು ಬೇಕೆಂದು ಮಾಡುತ್ತಿಲ್ಲ ಎಂದು ನನಗೆ ತಿಳಿದಿತ್ತು. ಆದರೂ ಸಿಟ್ಟು ಹೋಗಲಿಲ್ಲ.

ನಮ್ಮ ಅವ್ವ ಊರಿಂದ ಬಂದಳು. ಬರುವಾಗ ಹುಣಸೆಹಣ್ಣು, ಬೆಲ್ಲ ಕುಟ್ಟಿ ಚಿಗಳಿ ಮಾಡಿಕೊಂಡು ಬಂದಿದ್ದಳು. ರೇಣುಕಾ ಒಂದನ್ನು ಚೀಪಿದಳು. ಅದೂ ನಿಲ್ಲಲಿಲ್ಲ. ಅವ್ವ ಅವಳ ಬೆನ್ನು ಸವರುತ್ತ ಹೇಳಿದಳು:

“ಮನಸ್ಸು ಗಟ್ಟಿ ಮಾಡಬೇಕು, ಯವ್ವಾ. ಇವನು ಹೊಟ್ಟ್ಯಾಗಿದ್ದಾಗ ನಾ ದಿನಾ ಕಳೆ ತಗ್ಯಾಕ ಹೋಗೀನಿ. ಬದುವಿಗೆ ಕುಂತು ವಾಂತಿ ಮಾಡ್ಕೊಂಡು ಮತ್ತ ಸಾಲಿಗೆ ನಿಂದರತಿದ್ದೆ.”

ಅವ್ವ ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಅವಳಿಗೆ ಗೊತ್ತಿದ್ದ ಬಸಿರು ಅದೊಂದೇ. ಆದರೆ ಆ ಮಾತನ್ನು ನಾನು ಹಿಡಿದುಕೊಂಡೆ. ಒಂದು ದಿನ ನಾನು ತಂದ ಎಳನೀರನ್ನು ರೇಣುಕಾ ಎರಡು ಗುಟುಕು ಕುಡಿದು, ಹಾಸಿಗೆಯ ಮೇಲೆಯೇ ಕಾರಿಕೊಂಡಳು. ಒರೆಸುತ್ತ ಒರೆಸುತ್ತ ಅಂದುಬಿಟ್ಟೆ:

“ಲೋಕದಾಗ ನೀ ಒಬ್ಬಾಕೇ ಬಸುರಿ ಆಗೀಯೇನು?”

ಅವಳು ಗೋಡೆ ಕಡೆ ಹೊರಳಿದಳು. ಅಂದಿನಿಂದ ವಾಂತಿ ಬಂದರೆ ನನ್ನನ್ನು ಕರೆಯುವುದನ್ನು ನಿಲ್ಲಿಸಿದಳು.

ಹತ್ತಿರದ ಕ್ಲಿನಿಕ್ಕಿಗೆ ನಾಲ್ಕೈದು ಸಲ ಹೋದೆವು. ಪ್ರತಿ ಸಲವೂ ಎರಡು ಬಾಟಲಿ ಗ್ಲುಕೋಸ್, ವಾಂತಿಗೊಂದು ಇಂಜೆಕ್ಷನ್. ಒಂದು ದಿನ ಮುಖಕ್ಕೆ ಕಳೆ ಬರುತ್ತಿತ್ತು, ಮರುದಿನ ಮತ್ತದೇ. “ಮೂರು ತಿಂಗಳು ತುಂಬಿದ ಮ್ಯಾಲ ತಾನೇ ನಿಲ್ಲತೈತಿ” ಎಂದರು ಡಾಕ್ಟರು. “ಊಟ ಮಾಡ್ತಾಳಿಲ್ಲೋ?” ಎಂದೂ ಕೇಳಿದರು.

“ಸ್ವಲ್ಪ ಸ್ವಲ್ಪ ತಿಂತಾಳ್ರಿ” ಎಂದೆ.

ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಅವಳು ತಿನ್ನುವುದನ್ನು ನಾನು ನೋಡಿರಲಿಲ್ಲ. ನಾನಿಲ್ಲದಾಗ ಏನಾದರೂ ತಿನ್ನುತ್ತಿರಬಹುದು, ತಿನ್ನದೆ ಯಾರಾದರೂ ಇರಲು ಸಾಧ್ಯವೇ ಎಂದುಕೊಂಡಿದ್ದೆ. ರೇಣುಕಾ ಪಕ್ಕದಲ್ಲೇ ಕೂತಿದ್ದಳು. ಇಲ್ಲ ಎನ್ನುವ ತ್ರಾಣ ಅವಳಲ್ಲಿರಲಿಲ್ಲವೋ, ನನ್ನ ಮಾತಿಗೆ ಎದುರು ಹೇಳಬಾರದು ಎಂದುಕೊಂಡಳೋ, ಸುಮ್ಮನಿದ್ದಳು. ಐವತ್ತೆರಡು ಕೆಜಿ ಇದ್ದವಳು ನಲವತ್ತೊಂದಕ್ಕೆ ಇಳಿದಿದ್ದಳು.

ಮೂರು ತಿಂಗಳು ತುಂಬಿತು. ವಾಂತಿ ನಿಲ್ಲಲಿಲ್ಲ.

ನಮ್ಮ ಅತ್ತಿ ಬಂದು ಮಗಳನ್ನು ಮಸ್ಕಿಗೆ ಕರೆದುಕೊಂಡು ಹೋದಳು. ಭತ್ತದ ವಾಸನೆ ಇಲ್ಲದ ಕಡೆ ಇದ್ದರೆ ನಾಲ್ಕು ತುತ್ತು ತಿಂದಾಳು ಎಂಬ ಆಸೆ. ನಿಜ ಹೇಳಬೇಕೆಂದರೆ ಬಸ್ಸು ಹೊರಟಾಗ ನನಗೆ ಹಗುರವೆನಿಸಿತು. ಅಂದು ಮನೆಯಲ್ಲಿ ಒಲೆ ಹಚ್ಚಿ, ಹಸಿಮೆಣಸಿನಕಾಯಿ ಹುರಿದು, ಅನ್ನ ಮಾಡಿಕೊಂಡು ಉಂಡೆ.

ವಾರದ ರಜೆಗೆ ಬೈಕಿನ ಮೇಲೆ ಮಸ್ಕಿಗೆ ಹೋದೆ. ಒಗೆದ ಅಂಗಿ, ಎರಡು ಸಲ ತಿಕ್ಕಿ ತೊಳೆದ ಮೈ. ರೇಣುಕಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ನೀರಿನ ಚರಿಗೆ ಇತ್ತು. ಕೈ ಚಾಚಿದಳು. ಕೈ ಚರಿಗೆಯ ಪಕ್ಕಕ್ಕೆ, ಬರಿಯ ನೆಲಕ್ಕೆ ಹೋಯಿತು.

“ಎರಡು ಕಾಣಾಕತ್ತಾವ” ಎಂದಳು. “ಯಾವುದು ಖರೇ ಅಂತ ಗೊತ್ತಾಗವಲ್ದು.”

ಎದ್ದು ನಡೆಯುವಾಗ ಕಾಲು ಅಗಲ ಇಟ್ಟು, ಕೆಸರಿನ ಬದುವಿನ ಮೇಲೆ ನಡೆದಂತೆ ತೂರಾಡುತ್ತಿದ್ದಳು. ನಿಶ್ಶಕ್ತಿ ಎಂದೆವು. ಏನು ಕೇಳಿದರೂ ನಿಧಾನವಾಗಿ ಉತ್ತರ ಕೊಡುತ್ತಿದ್ದಳು. ಊಟ ಆಯಿತೇ ಎಂದು ಕೇಳಿದೆ.

“ಆತು. ಈಗ ಎರಡು ರೊಟ್ಟಿ ತಿಂದೆ, ಪುಂಡಿಪಲ್ಲೆ ಹಚ್ಚಿಕೊಂಡು.”

ಸಂತೋಷವಾಯಿತು ನನಗೆ. ಅಡುಗೆಮನೆಗೆ ಹೋಗಿ ಅತ್ತಿಯ ಮುಂದೆ ಹೇಳಿದೆ. ಅತ್ತಿ ನನ್ನ ಮುಖವನ್ನೇ ನೋಡಿದಳು.

“ಪುಂಡಿಪಲ್ಲೆ ಮಾಡೇ ಇಲ್ಲಪ್ಪ. ನಾಕು ದಿನ ಆತು, ಆಕಿ ಹೊಟ್ಟಿಗೆ ಒಂದು ಅಗಳು ಹೋಗಿಲ್ಲ.”

ರೇಣುಕಾ ಸುಳ್ಳು ಹೇಳುವವಳಲ್ಲ. ಹಾಗಾದರೆ ಇದೇನು? ಅತ್ತಿಯದು ಒಂದೇ ಅನುಮಾನ: ಮಗಳಿಗೆ ಗಾಳಿ ಸೋಕಿದೆ. ಪರಿಚಯದವರೊಬ್ಬರು ಬಂದು ದಾರ ಕಟ್ಟಿ, ಎರಡು ದಿನ ಹೊಸಿಲು ದಾಟಿಸಬೇಡಿ ಎಂದರು. ನಾನು ಹತ್ತನೇ ಕ್ಲಾಸ್ ಪಾಸಾದವನು. ಆದರೂ ಹೂಂ ಎಂದು ಮಿಲ್ಲಿಗೆ ರಜೆ ಹೇಳಿ ಅಲ್ಲೇ ಉಳಿದೆ.

ಎರಡು ದಿನ ಹಾಗೇ ಹೋದವು.

ಮೂರನೆಯ ದಿನ ಬೆಳಿಗ್ಗೆ ಅವಳ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದೆ. ಕಣ್ಣುಗುಡ್ಡೆಗಳು ಸುಮ್ಮನೆ ನಿಲ್ಲದೆ ಅದುರುತ್ತಿದ್ದವು. ನನ್ನನ್ನೇ ನೋಡುತ್ತ, ಬಹಳ ಮರ್ಯಾದೆಯಿಂದ ಕೇಳಿದಳು:

“ಅಣ್ಣಾರ, ನಮ್ಮ ಮನ್ಯಾರು ಇನ್ನೂ ಬಂದಿಲ್ಲೇನ್ರಿ?”

“ನಾನೇ ಅಲ್ಲೇನು, ರೇಣುಕಾ?”

“ಅವರು ಬಂದ್ರ ವಾಸನಿ ಬರತೈತ್ರಿ. ಬಂದಿಲ್ಲ.”

ನಾನು ದಾರ ಕಿತ್ತೆಸೆದೆ. ಅತ್ತಿ ಆಟೋ ಕರೆಯಲು ತಾನೇ ಹೊರಗೆ ಓಡಿದಳು.

ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದವರು ಒಬ್ಬ ಲೇಡಿ ಡಾಕ್ಟರ್. ನನಗಿಂತ ಚಿಕ್ಕವರಿರಬೇಕು. ಬೆರಳು ತೋರಿಸಿ ಅತ್ತಿತ್ತ ಆಡಿಸಿ ಕಣ್ಣು ನೋಡಿದರು. ಹಿಡಿದು ನಿಲ್ಲಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಸರಿಯಾಗಿ ಊಟ ಬಿಟ್ಟು ಎಷ್ಟು ದಿನ ಆಯ್ತು? ಖರೇ ಹೇಳ್ರಿ.”

“ಎರಡು ತಿಂಗಳ ಮ್ಯಾಲ ಆತ್ರಿ.”

“ಗ್ಲುಕೋಸ್ ಹಾಕಿಸೀರಿ?”

“ಹೂನ್ರಿ. ನಾಕೈದು ಸಲ.”

“ಅದರ ಜೊತಿ ವಿಟಮಿನ್ ಇಂಜೆಕ್ಷನ್ ಏನರ ಕೊಟ್ಟಾರೇನು?”

ಚೀಟಿಗಳನ್ನು ಕೊಟ್ಟೆ. ಒಂದೊಂದನ್ನೇ ತಿರುವಿ ಹಾಕಿ ನರ್ಸ್‌ಗೆ ಥಯಮಿನ್ ತರಲು ಹೇಳಿದರು. ಇಂಜೆಕ್ಷನ್ ಒಳಗೆ ಹೋಗುತ್ತಿರುವಾಗಲೇ ನನಗೆ ತಿಳಿಯುವಂತೆ ಹೇಳಿದರು. ವರ್ನಿಕೆ ಎಂದು ಕಾಯಿಲೆಯ ಹೆಸರು. ಬಿ-ವನ್ ವಿಟಮಿನ್, ಅಂದರೆ ಇದೇ ಥಯಮಿನ್, ಪೂರ್ತಿ ಖಾಲಿಯಾದರೆ ಮೆದುಳಿಗೆ ಏಟು ಬೀಳುತ್ತದೆ. ಎಷ್ಟೋ ದಿನ ಉಣ್ಣದವರಿಗೆ ಬರೀ ಗ್ಲುಕೋಸ್ ಹಾಕಿದರೆ, ಅದನ್ನು ಅರಗಿಸಲು ಉಳಿದಿರುವ ಚೂರುಪಾರು ವಿಟಮಿನ್ನೂ ಖರ್ಚಾಗಿ ಹೋಗುತ್ತದೆ.

“ಕೂಸು?” ಎಂದೆ.

“ಕೂಸಿನ ಮಾತು ಆಮೇಲೆ. ಮೊದಲು ಇವರನ್ನ ರಾಯಚೂರಿಗೆ ಮುಟ್ಟಿಸಬೇಕು.”

ಆಂಬ್ಯುಲೆನ್ಸಿನಲ್ಲಿ ಕೂತಾಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಯಾರಿಗೂ ಹೇಳಿಲ್ಲ. ಈ ಕೂಸು ಹೋಗಲಿ ಎಂದುಕೊಂಡೆ. ಇದು ಬಂದು ಅವಳನ್ನು ತಿನ್ನುತ್ತಿದೆ, ಇದು ಹೋಗಿ ಅವಳು ಉಳಿಯಲಿ ಎಂದುಕೊಂಡೆ. ಕ್ಲಿನಿಕ್ಕಿನ ಡಾಕ್ಟರನ್ನು ಬೈದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ, ಅವರ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟವನು ಯಾರು ಎಂಬುದು ನೆನಪಾಯಿತು. ಎದುರಿಗೆ ಅತ್ತಿ ಮಗಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ತಿಕ್ಕುತ್ತಲೇ ಇದ್ದಳು.

ರಾಯಚೂರಿನಲ್ಲಿ ಎಂಆರ್‌ಐ ಮಾಡಿದರು. ಲಿಂಗಸುಗೂರಿನ ಡಾಕ್ಟರ್ ಹೇಳಿದ್ದೇ ನಿಜವಾಗಿತ್ತು. ಐಸಿಯುನಲ್ಲಿ ಐದು ದಿನ. ದಿನಕ್ಕೆ ಮೂರು ಸಲ ಥಯಮಿನ್. ಮೂಗಿನಿಂದ ನಳಿಕೆ ಇಳಿಸಿ ಹನಿಹನಿಯಾಗಿ ಆಹಾರ ಕೊಟ್ಟರು. ಕೂಸಿನ ಹೃದಯ ಬಡಿಯುತ್ತಿದೆ, ಆದರೆ ಯಾವಾಗ ಏನಾದರೂ ಆಗಬಹುದು ಎಂದರು. ಅದಕ್ಕೂ ಒಂದು ಕಾಗದದ ಮೇಲೆ ಸಹಿ ಹಾಕಿಸಿಕೊಂಡರು. “ಆಕಿನ ಉಳಿಸ್ರಿ” ಎಂದಷ್ಟೇ ಹೇಳಿ ಹಾಕಿದೆ.

ಮೂರನೆಯ ದಿನಕ್ಕೆ ಕಣ್ಣು ಅದುರುವುದು ನಿಂತಿತು. ವಾಂತಿ ಕಡಿಮೆಯಾಯಿತು. ವಾರ್ಡಿಗೆ ಬಂದ ಮೇಲೆ ನನ್ನ ಹೆಸರು ಹೇಳಿದಳು. ಅತ್ತಿ ಅಳತೊಡಗಿದಳು. ನಾನು ಅಳಲಿಲ್ಲ. ಯಾಕೆಂದರೆ ಮರುಕ್ಷಣವೇ ರೇಣುಕಾ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು:

“ರೀ, ನನ್ನ ಹೊಟ್ಟಿ ಯಾಕ ಹಿಂಗ ಉಬ್ಬೈತಿ? ಗಂಟು ಗಿಂಟು ಆಗೈತೇನು?”

ಅವಳಿಗೆ ನೆನಪಿರಲಿಲ್ಲ. ಮದುವೆ ನೆನಪಿತ್ತು, ಸಿಂಧನೂರಿನ ಮನೆ ನೆನಪಿತ್ತು. ಬಸಿರು ಪೂರ್ತಿ ಅಳಿಸಿಹೋಗಿತ್ತು.

ಸ್ಟೂಲನ್ನು ಹತ್ತಿರ ಎಳೆದುಕೊಂಡು ಹೇಳಿದೆ, “ಗಂಟಲ್ಲ. ನಿನಗ ದಿನ ಹೋಗ್ಯಾವ. ನಾಕು ತಿಂಗಳು ತುಂಬಿ ಐದರಾಗ ಬಿದ್ದೈತಿ.”

ನಳಿಕೆ ಅಂಟಿಸಿದ್ದ ಆ ಒಣಗಿದ ಮುಖದಲ್ಲಿ ನಿಧಾನವಾಗಿ ನಾಚಿಕೆ ಬಂತು. “ಅವ್ವಗ ಹೇಳೀರೇನು?” ಎಂದಳು. ಅವಳ ಅವ್ವ ಮಂಚದ ಆ ಬದಿಗೇ ನಿಂತಿದ್ದಳು.

ಮರುದಿನ ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಮತ್ತೆ ಅದೇ ನಾಚಿಕೆ, ಅದೇ ಸಂತೋಷ. ಮೂರನೆಯ ದಿನವೂ ಹಾಗೆಯೇ. ಯಾವ ಕೂಸು ಹೋಗಲಿ ಎಂದು ನಾನು ಆಂಬ್ಯುಲೆನ್ಸಿನಲ್ಲಿ ಕೂತು ಬೇಡಿಕೊಂಡಿದ್ದೆನೋ, ಅದರ ಸುದ್ದಿ ಕೇಳಿ ಇವಳು ದಿನಕ್ಕೊಮ್ಮೆ ಹೊಸದಾಗಿ ಹಿಗ್ಗುತ್ತಿದ್ದಳು. ವಾರ್ಡಿನಿಂದ ಹೊರಗೆ ಹೋಗಿ ನಲ್ಲಿಯ ಕೆಳಗೆ ತಲೆ ಹಿಡಿದು ನಿಂತೆ.

ನಾಲ್ಕನೆಯ ದಿನ ಅವಳು ಕೇಳಲಿಲ್ಲ. ನೆನಪು ಅಂಟಿಕೊಂಡಿತ್ತು.

ಈಗ ಎಂಟನೇ ತಿಂಗಳು ನಡೆಯುತ್ತಿದೆ. ಮಸ್ಕಿಯಲ್ಲೇ ಇದ್ದೇವೆ. ನಾನು ದಿನವೂ ಸಿಂಧನೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ರೇಣುಕಾ ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪ ಉಣ್ಣುತ್ತಾಳೆ, ಒಮ್ಮೊಮ್ಮೆ ಕಾರಿಕೊಳ್ಳುತ್ತಾಳೆ. ಪಾದಗಳಲ್ಲಿ ಇನ್ನೂ ಜೋಮು. ಗೋಡೆ ಹಿಡಿದೇ ನಡೆಯಬೇಕು. ಹಾಲು ಒಲೆಯ ಮೇಲಿಟ್ಟು ಮರೆಯುತ್ತಾಳೆ, ಮರೆತದ್ದು ಗೊತ್ತಾದಾಗ ಪಾತ್ರೆ ಎತ್ತಿ ಎಸೆಯುತ್ತಾಳೆ. “ಮೊದಲಿನಂಗ ಆಗತಾಳೇನ್ರಿ?” ಎಂದು ರಾಯಚೂರಿನ ಡಾಕ್ಟರನ್ನು ಕೇಳಿದೆ. “ಬಹಳಷ್ಟು ಬರಬಹುದು. ಎಲ್ಲಾ ಬರ್ತದ ಅಂತ ಹೇಳಂಗಿಲ್ಲ” ಎಂದರು. ಕೂಸಿನ ತೂಕ ಕಡಿಮೆ ಇದೆಯಂತೆ. ಅದರ ಬಗ್ಗೆಯೂ ಅವರು ಯಾವ ಭರವಸೆಯನ್ನೂ ಕೊಡಲಿಲ್ಲ. ಅವರು ಸುಳ್ಳು ಸಮಾಧಾನ ಹೇಳದಿದ್ದುದಕ್ಕೆ ನನಗೆ ಅವರ ಮೇಲೆ ಗೌರವವಿದೆ. ಲಿಂಗಸುಗೂರಿನ ಆ ಡಾಕ್ಟರಮ್ಮನನ್ನಂತೂ ನಮ್ಮ ಅತ್ತಿ ದಿನಾ ದೀಪ ಹಚ್ಚುವಾಗ ನೆನೆಯುತ್ತಾಳೆ.

ಕೂಸು ಒದೆಯುವುದನ್ನು ದಿನವೂ ಎಣಿಸಬೇಕೆಂದು ಹೇಳಿದ್ದಾರೆ. ಎರಡು ಗಂಟೆಯೊಳಗೆ ಹತ್ತು ಆಗಬೇಕು. ಆಗದಿದ್ದರೆ ತಕ್ಷಣ ಬರಬೇಕು. ರೇಣುಕಾಗೆ ಐದಾರರ ಮೇಲೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವ ಮೊದಲು ಇಬ್ಬರೂ ಪಡಸಾಲೆಯಲ್ಲಿ ಕೂರುತ್ತೇವೆ. ಅವಳು ನನ್ನ ಕೈ ತೆಗೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾಳೆ.

ಇವತ್ತು ಏಳರ ಮೇಲೆ ಕೂಸು ಸುಮ್ಮನಾಯಿತು. ಕಾದೆವು. ನನ್ನ ಬಸ್ಸು ಹೋಯಿತು. ಅತ್ತಿ ಬಾಗಿಲಲ್ಲಿ ಬಂದು ನಿಂತಳು.

“ಎಷ್ಟು ಆಗಿದ್ವು?” ಎಂದಳು ರೇಣುಕಾ.

“ಏಳು.”

“ಮರೀಬ್ಯಾಡ್ರಿ, ಮತ್ತ.”

“ಇಲ್ಲ” ಎಂದೆ. ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ, ಅಂಗೈಯ ನಡುವಿಗೆ, ಎಂಟನೆಯದು ಬಂತು.