ಜಫರ್ ಸಾಹೇಬರ ವೇಟಿಂಗ್ ರೂಮು

ಆರಡಿ ಎತ್ತರದ, ಮೈಕೈ ತುಂಬಿಕೊಂಡ ಗಂಡಸೊಬ್ಬರು ಮೇಜಿಗೆ ಗದ್ದ ಊರಿ, ಒಂದು ಕಣ್ಣು ಮುಚ್ಚಿ, ರಟ್ಟಿನ ರೈಲ್ವೆ ಸ್ಟೇಷನ್ನನ್ನು ನೋಡುತ್ತಿದ್ದಾರೆ. ಜಫರ್ ಸಾಹೇಬರೆಂದರೆ ನನಗೆ ಮೊದಲು ನೆನಪಾಗುವುದು ಇದೇ. "ಮೇಲಿಂದ ನೋಡಿದ್ರೆ ಏನ್ ಬಂತು? ರೈಲು ಕಾಯೋನ ಕಣ್ಣಿಂದ ನೋಡ್ಬೇಕು," ಅನ್ನುತ್ತಿದ್ದರು. ಅಲ್ಲಿ ರೈಲು ಕಾಯುವವರೆಲ್ಲ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಬೊಂಬೆಗಳು.

ಸಾಹೇಬರಿಗೆ ಶಿವಾಜಿನಗರದಲ್ಲಿ ಗುಂಡಿ, ಜಿಪ್ಪು, ಲೈನಿಂಗ್ ಬಟ್ಟೆಯ ಅಂಗಡಿ. ಮನೆ ಫ್ರೇಜರ್ ಟೌನಿನಲ್ಲಿ. ಮಹಡಿಯ ಕೋಣೆಯ ತುಂಬ ಹಳಿ, ಸುರಂಗ, ಪುಟಾಣಿ ರೈಲು. ಕಟ್ಟಡಗಳನ್ನೆಲ್ಲ ಅವರೇ ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದರು. ನಾಲ್ಕೂ ಗೋಡೆ ಬಿಚ್ಚಿ ಹಾಸಿದ ಹಾಗೆ ಒಂದೇ ಹಾಳೆಯಲ್ಲಿ, ಅಂಟಿಸಲು ಅಂಚು ಬಿಟ್ಟು. ಪ್ರಿಂಟ್ ಆದದ್ದನ್ನು ಕತ್ತರಿಸಿ, ಮಡಿಸಿ ನಿಲ್ಲಿಸುವುದು ನಮ್ಮ ಯಜಮಾನರ ಕೆಲಸ. ಹೊಸ ತಿಪ್ಪಸಂದ್ರದಿಂದ ಪ್ರತಿ ಭಾನುವಾರ ಹೊರಡುತ್ತಿದ್ದರು, ಇಸ್ತ್ರಿ ಶರಟು ಹಾಕಿಕೊಂಡು. ನನ್ನ ಜೊತೆ ತರಕಾರಿಗೆ ಬರುವಾಗ ಲುಂಗಿ.

ನನಗೆ ಹೊಟ್ಟೆ ಉರಿಯುತ್ತಿತ್ತು. ಇನ್ನೊಬ್ಬ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಈ ಗಡ್ಡದವರ ಜೊತೆ ಏನು ಮಾಡಲಿ?

ಒಮ್ಮೆ ನಮ್ಮ ಮಾರ್ಕೆಟ್ ರಸ್ತೆಯ ಪ್ರಿಂಟ್ ಅಂಗಡಿಗೆ ಸಾಹೇಬರೇ ಬಂದಿದ್ದರು. ಅಂಗಡಿಯವನು ಹಾಳೆಗೆ ಹೊಂದಿಸಲು ಹೋಗಿ ಸ್ಟೇಷನ್ನನ್ನೇ ಕುಗ್ಗಿಸಿಬಿಟ್ಟಿದ್ದ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ಅರೆ ಮಗಾ, ಫಿಟ್ ಟು ಪೇಜ್ ತೆಗಿ ಅಂತ ಎಷ್ಟ್ ಸಲ ಹೇಳ್ಬೇಕು? ನನ್ನ ಪ್ಯಾಸೆಂಜರ್ ತಲೆ ಒಡ್ಕೊಳ್ತಾನೆ!" ಬೊಂಬೆಯ ತಲೆಯ ಮೇಲೆ ಅಷ್ಟು ಮರುಕ. ನನ್ನ ತಲೆನೋವಿಗೆ ಮಾತ್ರೆ ತರಲು ನಮ್ಮ ಯಜಮಾನರಿಗೆ ನೂರು ಸಲ ಹೇಳಬೇಕು.

ನಮ್ಮ ಮದುವೆಯಾದ ದಿನವೂ ಒಂದು ವರ್ಷ ಭಾನುವಾರ ಬಂತು. ಬೇಗ ಬರುತ್ತೇನೆಂದು ಹೋದವರು ಸಂಜೆಯಾದರೂ ಬರಲಿಲ್ಲ. ಆಟೋ ಹಿಡಿದು ನಾನೇ ಹೋದೆ. ಮೆಟ್ಟಿಲಲ್ಲೇ ಯಜಮಾನರ ನಗು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವಷ್ಟು ನಗು. ಮನೆಯಲ್ಲಿ ಒಂದು ದಿನವೂ ಹಾಗೆ ನಕ್ಕವರಲ್ಲ. ಉರಿದುಹೋದೆ.

"ಬನ್ನಿ ಭಾಬಿ, ಥೋಡಾ ಬಗ್ಗಿ ನೋಡಿ," ಎಂದರು ಸಾಹೇಬರು. ಗದ್ದ ಊರಿ ನೋಡಿದೆ.

"ನಿಮ್ಮ ಸ್ಟೇಷನ್ನಲ್ಲಿ ಹೆಂಗಸ್ರು ಎಲ್ಲಿ ಕೂತ್ಕೋಬೇಕು? ನಿಂತೇ ಸಾಯ್ಬೇಕಾ?" ಎಂದೆ, ಚುಚ್ಚಲೆಂದೇ.

ಸಾಹೇಬರು ಪೆಚ್ಚಾದರು. ಆಮೇಲೆ ಕಂಪ್ಯೂಟರಿನ ಪಕ್ಕ ನನಗೊಂದು ಕುರ್ಚಿ ಹಾಕಿ, "ಹೇಳಿ ಭಾಬಿ, ಎಷ್ಟು ಕಿಟಕಿ? ಎಲ್ಲಿ ಇಡ್ಬೇಕು?" ಎಂದು ಕೇಳಿ ಕೇಳಿ ಹೆಂಗಸರ ವೇಟಿಂಗ್ ರೂಮನ್ನು ಬಿಡಿಸಿದರು. ಎರಡು ಅಂದರೆ ಎರಡು, ಎಡಕ್ಕೆ ಅಂದರೆ ಎಡಕ್ಕೆ. ಹೊರಡುವಾಗ ಸೀರೆಯುಟ್ಟ ಬೊಂಬೆಯೊಂದನ್ನು ಕೈಗಿಟ್ಟು, "ರೂಮ್ ರೆಡಿ ಆಗೋ ತನಕ ನಿಮ್ಮ ಹತ್ರಾನೇ ಇರ್ಲಿ," ಎಂದರು. ನಮ್ಮ ಸ್ವಂತ ಮನೆ ಕಟ್ಟಿಸುವಾಗ ಅಡುಗೆಮನೆಯ ಕಿಟಕಿ ಎಲ್ಲಿರಲಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅವತ್ತಿನಿಂದ ನನ್ನ ಹೊಟ್ಟೆಕಿಚ್ಚು ಯಜಮಾನರ ಕಡೆ ತಿರುಗಿತು. ಇಂಥ ಸ್ನೇಹಿತ ಇವರಿಗೆ ಸಿಗಬಹುದು, ನನಗ್ಯಾಕೆ ಸಿಗಲಿಲ್ಲ?

ಆ ರೂಮು ಪ್ರಿಂಟ್ ಆಗುವ ಮೊದಲೇ ಸಾಹೇಬರು ಹೃದಯಾಘಾತದಿಂದ ಹೋಗಿಬಿಟ್ಟರು. ಈಗ ಭಾನುವಾರಗಳೆಲ್ಲ ನನ್ನವೇ. ಯಜಮಾನರು ಲುಂಗಿಯಲ್ಲಿ ಸುಮ್ಮನೆ ಕೂತಿರುತ್ತಾರೆ. ಬೇಡಿದ್ದು ಸಿಕ್ಕಿತು, ಯಾರಿಗೆ ಬೇಕಿತ್ತು ಇದು.

ಸಾಹೇಬರು ಕಳಿಸಿದ್ದ ಆ ರೂಮಿನ ಚಿತ್ರ ಯಜಮಾನರ ಫೋನಿನಲ್ಲೇ ಇತ್ತು. ಮೊನ್ನೆ ಭಾನುವಾರ ನಾನೇ ಹೋಗಿ ಪ್ರಿಂಟ್ ಹಾಕಿಸಿ ತಂದೆ. ಇಬ್ಬರೂ ಕೂತು ಕತ್ತರಿಸಿ ಅಂಟಿಸಿದೆವು. ನನ್ನ ಬೊಂಬೆಯನ್ನು ಒಳಗೆ ಬಿಡಲು ಹೋದರೆ ಬಾಗಿಲಿಗೆ ಅದರ ತಲೆ ತಾಗಿತು. ಅಂಗಡಿಯವನು ಮತ್ತೆ ಕುಗ್ಗಿಸಿಬಿಟ್ಟಿದ್ದ.

"ಜಫರ್‌ಗೆ ಹೇಳ್ಬೇಕು," ಎಂದು ಫೋನು ಎತ್ತಿಕೊಂಡ ಯಜಮಾನರು ಅದನ್ನು ಹಾಗೇ ಕೆಳಗಿಟ್ಟರು.

ಆ ಮುಖ ನನಗೆ ನೋಡಲಾಗಲಿಲ್ಲ. ಮೇಜಿಗೆ ಗದ್ದ ಊರಿ, ಒಂದು ಕಣ್ಣು ಮುಚ್ಚಿ, "ಅರೆ ಮಗಾ, ನನ್ನ ಪ್ಯಾಸೆಂಜರ್ ತಲೆ ಒಡ್ಕೊಳ್ತಾಳೆ!" ಎಂದು ಕೂಗಿದೆ.

ಯಜಮಾನರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವಷ್ಟು. ಕೊನೆಗೂ ಆ ನಗು ನಮ್ಮ ಮನೆಗೆ ಬಂತು. ಅದೂ ಸಾಹೇಬರ ಮಾತಿಗೇ.