ವೈನಿಯ ಮೇಲೆ ಬಂದ ರಾಗ

ಶ್ರದ್ಧಾ, ಓಂಕಾರ, ನಿನ್ನೆ ಟ್ರಂಕಿನಿಂದ ತೆಗೆದು ನೀವು ತಲೆಗೆ ಹಾಕಿಕೊಂಡು ಕುಣಿದಿರಲ್ಲ, ಆ ಜಾಳಿಗೆಯಂಥ ಬಿಳಿ ಬಟ್ಟೆ ಟಿವಿಗೆ ಹೊದಿಸುವುದು. ನಮ್ಮಲ್ಲೂ ಟಿವಿ ಬಂದಾಗ ಹೆಣೆದುಕೊಟ್ಟವರು ನಮ್ಮ ಪಕ್ಕದ ವೈನಿ; ಮರಾಠಿಯಲ್ಲಿ ಅತ್ತಿಗೆಗೆ ಹಾಗೆನ್ನುತ್ತಾರೆ. ಡಾಂಬರುಗುಳಿಗೆಯ ವಾಸನೆಯ ಜೊತೆ ಅವರ ನಗುವೂ ಹೊರಬಂದಂತಾಯಿತು…

ಭೂಕಂಪದಲ್ಲಿ ಮನೆ ಬಿದ್ದ ಮೇಲೆ ಮರಾಠಿ ಸೀಮೆಯ ಉಮರಗಾದ ಹೊರಗೆ ತಗಡಿನ ಪತ್ರಾ ಶೆಡ್ಡುಗಳ ಸಾಲಿನಲ್ಲಿ ಇದ್ದೆವು. ನಾನು ಕನ್ನಡದ ಆಳಂದ ಕಡೆಯಿಂದ ಮದುವೆಯಾಗಿ ಬಂದವಳು. ಮರಾಠಿ ಅರ್ಧಂಬರ್ಧ, ಮಾತಾಡಲು ನಾಚಿಕೆ. ಲೋಹಾರಾದ ವೈನಿಗೆ ಎರಡೂ ಭಾಷೆ ಬರುತ್ತಿತ್ತು. ಇಡೀ ಸಾಲಿನಲ್ಲಿ ನಾನು ಮಾತಾಡುತ್ತಿದ್ದುದು ಅವರೊಬ್ಬರ ಜೊತೆ.

ಟಿವಿ ಇದ್ದದ್ದೂ ಅವರಲ್ಲಿಯೇ. ಒಂದು ಸಂಜೆ ಮರಾಠಿಯ ನಗೆನಾಟಕ ಬಂತು. ಗೆಳತಿ ಕೇಳದೆ ತನ್ನ ಹೊಸ ಸೀರೆ ಉಟ್ಟಳೆಂದು ಒಬ್ಬಾಕೆಗೆ ಒಳಗೇ ಉರಿ. ಕೇಳಿದರೆ ಏನಿಲ್ಲ ಎನ್ನುತ್ತಾಳೆ, ಚಹಾಕ್ಕೆ ಉಪ್ಪು ಸುರಿಯುತ್ತಾಳೆ! ಕೊನೆಗೆ ಕೂಗಿಯೇಬಿಟ್ಟಳು: "ಮಲಾ ತುಝಾ ರಾಗ ಆಲಾ!" ಇಬ್ಬರೂ ಅತ್ತು ತಬ್ಬಿಕೊಂಡರು.

ನಾನು ಮೆಲ್ಲಗೆ ಕೇಳಿದೆ, "ವೈನಿ, ರಾಗ ಬಂತಂತಾಳ, ಹಾಡಲೇ ಇಲ್ಲಲ್ರೀ?"

ಮರಾಠಿಯಲ್ಲಿ ರಾಗವೆಂದರೆ ಸಿಟ್ಟು; ನಿನ್ನ ಮೇಲೆ ಸಿಟ್ಟು ಬಂತು ಎಂದಿದ್ದಳು ಆಕೆ. ನನಗೇನು ಗೊತ್ತು? ವೈನಿ ನಕ್ಕು ನಕ್ಕು ನೆಲಕ್ಕುರುಳಿದರು. ಮರುದಿನ ನಳದ ಹತ್ತಿರ ನನ್ನ ದನಿಯಲ್ಲೇ ಎಲ್ಲರಿಗೂ ಆಡಿ ತೋರಿಸಿದರು. ಅರ್ಧ ತುಂಬಿದ ಕೊಡ ಹೊತ್ತುಕೊಂಡು ಬಂದುಬಿಟ್ಟೆ. ಇನ್ನು ಅವರೆದುರೂ ಬಾಯಿ ತೆರೆಯುವುದಿಲ್ಲ ಎಂದುಕೊಂಡೆ.

ನಾಲ್ಕನೇ ದಿನ ಅವರೇ ಬಾಗಿಲಿಗೆ ಬಂದರು.

"ಕಾಯ್ ಗ, ಏನವಾ, ಮಾರೀನ ತೋರಸವಲ್ಲಿ?"

"ಏನಿಲ್ರೀ."

"ಹಂಗಾರ ಚಹಾ ಮಾಡು. ಉಪ್ಪು ಹಾಕ್ತಿಯೇನ ನೋಡ್ತೀನಿ."

ನಗು ಬಂತು, ಅಳುವೂ ಬಂತು. ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತು ಹೊರಬಿತ್ತು: "ವೈನಿ, ನಂಗ ನಿಮ್ಮ ರಾಗ ಬಂದದ್ರೀ. ಎಲ್ಲಾರ ಮುಂದ ನನ್ನ ನಗಿ ಮಾಡಿದ್ರಿ."

ಅವರ ಮುಖ ಸಣ್ಣದಾಯಿತು. ಎರಡೂ ಕಿವಿ ಹಿಡಿದುಕೊಂಡರು. "ತಪ್ಪಾತು. ಇನ್ನ ಹಂಗ ಮಾಡಂಗಿಲ್ಲ." ಆಮೇಲೆ ತಡೆಯಲಾಗಲಿಲ್ಲ, "ರಾಗ ಬಂದದಲಾ, ಈಗರ ಹಾಡು!"

ಹಾಡಿದೆ, ಮಕ್ಕಳೇ! ಬೀಸುವ ಹಾಡಿನ ಧಾಟಿಯಲ್ಲಿ ಅವರ ತಪ್ಪನ್ನೆಲ್ಲ ಎಣಿಸಿ ಹಾಡಿದೆ. ಅವರು ತಾಟು ಬಡಿದು ತಾಳ ಹಾಕಿದರು. ಪಕ್ಕದ ಶೆಡ್ಡಿನವರು ಮತ್ತೆ ಭೂಕಂಪವೇ ಬಂತೆಂದು ಹೊರಗೋಡಿ ಬಂದರು. ಆಮೇಲೆ ಎಷ್ಟೋ ವರ್ಷ ನಮ್ಮಿಬ್ಬರ ಸಿಟ್ಟು ಹಾಡಾಗಿಯೇ ಮುಗಿಯುತ್ತಿತ್ತು.

ವೈನಿ ತೀರಿಕೊಂಡ ಸುದ್ದಿ ತಿಳಿದು ಅವರ ಮಗಳನ್ನು ಮಾತಾಡಿಸಲು ಉದಗೀರಕ್ಕೆ ಹೋಗಿದ್ದೆ. ತುಂಬಿದ ಮನೆಯಲ್ಲಿ, ಎಲ್ಲರೆದುರು, ಮರಾಠಿಯಲ್ಲೇ ಮಾತಾಡಿದೆ. ಬೇಕಾದಷ್ಟು ತಪ್ಪು ಮಾಡಿದೆ. ಯಾರೂ ನಗಲಿಲ್ಲ. ಒಬ್ಬರಾದರೂ ನಗಬಾರದಿತ್ತೇ ಅನ್ನಿಸಿತು…

ನಿಮಗೆಂದು ಬರೆದ ಈ ಹಾಳೆಗಳಲ್ಲಿ ಹಪ್ಪಳ ಕಟ್ಟಬೇಡಿ, ಜೋಪಾನವಾಗಿಡಿ.