ಮನೆಯ ಮಗು ಹಿಂದೆ ಕೂರಲಿ

ಮಕ್ಕಳನ್ನು ಟಿವಿಯಿಂದ ಹಿಂದಕ್ಕೆ ಸರಿಸುವುದು ತಾಯಂದಿರ ಉದ್ಯೋಗಗಳಲ್ಲೊಂದು. ಸಂಬಳವಿಲ್ಲ, ರಜೆಯಿಲ್ಲ, ಫಲಿತಾಂಶವೂ ಇಲ್ಲ. ನಾನು ಈ ಕೆಲಸವನ್ನು ಮದರಾಸಿನಲ್ಲಿ ಬಹಳ ನಿಷ್ಠೆಯಿಂದ ಮಾಡಿದ್ದೇನೆ. ಆ ಊರಿಗೆ ಆಗಲೇ ಚೆನ್ನೈ ಎಂಬ ಹೆಸರು ಬಂದಿತ್ತು, ನಮ್ಮ ನಾಲಿಗೆ ಇನ್ನೂ ಒಪ್ಪಿರಲಿಲ್ಲ. ಪೆರುಂಗುಡಿಯ ನಮ್ಮ ಬಾಡಿಗೆ ಮನೆಯ ಮೊಸಾಯಿಕ್ ನೆಲದಲ್ಲಿ ಒಂದು ಕಪ್ಪು ಪಟ್ಟಿಯಿತ್ತು. ಅದರ ಹಿಂದೆ ಕೂತು ನೋಡಬೇಕು ಎಂಬುದು ನಾನು ಮಾಡಿದ ಕಾನೂನು. ಮಗಳು ಚೈತ್ರ, ಆಗ ಎಂಟು ವರ್ಷದವಳು, ತಲೆಬಾಗಿ ಪಟ್ಟಿಯ ಹಿಂದೆ ಕೂರುತ್ತಿದ್ದಳು. ನಾನು ಒಗ್ಗರಣೆಗೆ ಸಾಸಿವೆ ಹಾಕಿ ಬರುವಷ್ಟರಲ್ಲಿ ಅವಳ ಮೂಗು ಟಿವಿಯ ಗಾಜಿಗೆ ತಾಗಿರುತ್ತಿತ್ತು. "ಕಣ್ಣು ಹಾಳಾಗತ್ತೆ ಕಣೇ!" ಎಂದು ಕೂಗುತ್ತಿದ್ದೆ. ಹತ್ತಿರ ಕೂತರೆ ಕಣ್ಣು ಹಾಳಾಗುತ್ತದೆಂದು ನಂಬಿದ್ದೆನೇ ಹೊರತು, ಕಣ್ಣು ಸರಿಯಿಲ್ಲದವರು ಹತ್ತಿರ ಹೋಗಿ ಕೂರುತ್ತಾರೆ ಎಂದು ತಿರುಗಿಸಿ ಯೋಚಿಸುವ ಬುದ್ಧಿ ನನಗೆ ಬರಲಿಲ್ಲ.

ಆಗಿನ ಪೆರುಂಗುಡಿ ಈಗಿನಂತಿರಲಿಲ್ಲ. ನನ್ನವರ ಕಂಪನಿಯ ಗಾಜಿನ ಕಟ್ಟಡ ಎದ್ದಿತ್ತು, ಅದರ ಎದುರಿನ ಹೊಂಡದಲ್ಲಿ ಎಮ್ಮೆಗಳು ಆರಾಮವಾಗಿ ಮಲಗಿರುತ್ತಿದ್ದವು. ಸಂಜೆ ಕಡಲ ಗಾಳಿ ಬೀಸತೊಡಗಿತೆಂದರೆ ಹಗಲಿನ ಬೇಗೆಯನ್ನೆಲ್ಲ ಕ್ಷಮಿಸಿಬಿಡಬಹುದಿತ್ತು. ನಾನು ತಾರಸಿಯ ಮೇಲೆ ಶನಿವಾರದ ಕನ್ನಡ ಕ್ಲಾಸ್ ಶುರುಮಾಡಿದ್ದು ಆ ಗಾಳಿಗಾಗಿಯೋ ಕನ್ನಡಕ್ಕಾಗಿಯೋ, ಪ್ರಮಾಣ ಮಾಡಿ ಹೇಳಲಾರೆ. ಹೊರಗೆ ಹೇಳಿಕೊಂಡದ್ದು ಮಾತ್ರ ಕನ್ನಡಕ್ಕಾಗಿ ಎಂದು. ಸುತ್ತಮುತ್ತ ಕೆಲವು ಕನ್ನಡದ ಮನೆಗಳಿದ್ದವು, ಎಲ್ಲರದೂ ಒಂದೇ ಗೋಳು. ಬಟ್ಟೆ ವ್ಯಾಪಾರದ ಮನೆಯ ಗಿರಿಜಕ್ಕ, ದಾವಣಗೆರೆ ಕಡೆಯವರು, ಅದನ್ನು ಚೆನ್ನಾಗಿ ಹೇಳುತ್ತಿದ್ದರು: "ನಮ್ಮ ಹುಡುಗ್ರಿಗೆ ಕನ್ನಡದಾಗ ಬೈದ್ರ ತಮಿಳಿನಾಗ ಅಳ್ತಾವ್ರಿ."

ಕ್ಲಾಸಿಗೆ ನಾನೇ ಟೀಚರು. ನೀರಿನ ಟ್ಯಾಂಕಿನ ಗೋಡೆಗೆ ಬಳಿದ ಕಪ್ಪು ಬಣ್ಣವೇ ಬೋರ್ಡು. ಕೂರುವ ವ್ಯವಸ್ಥೆ ಮಾತ್ರ ನಮ್ಮ ತುಮಕೂರು ಮನೆಯ ಊಟದ ಪಂಕ್ತಿಯದು. ನಮ್ಮಲ್ಲಿ ನೆಂಟರು ಬಂದರೆ ಅವರ ಮಕ್ಕಳಿಗೆ ಮೊದಲ ಪಂಕ್ತಿ, ಮನೆಯ ಮಕ್ಕಳಿಗೆ ಕಡೆಯದು. ಅಷ್ಟರಲ್ಲಿ ಹೋಳಿಗೆ ಮುಗಿದಿದ್ದರೆ ಅದು ಅವರ ಹಣೆಬರಹ. ಹಾಗೆ ಬೆಳೆದ ನಾನು ಅಕ್ಷರವನ್ನೂ ಹೋಳಿಗೆಯ ಕ್ರಮದಲ್ಲೇ ಬಡಿಸಿದೆ. ಬಂದವರ ಮಕ್ಕಳು ಬೋರ್ಡಿನ ಮುಂದೆ, ನಮ್ಮ ಚೈತ್ರ ಎಲ್ಲರಿಗಿಂತ ಹಿಂದೆ, ಮೆಟ್ಟಿಲ ಬಾಗಿಲಿನ ಹತ್ತಿರ. ಟೀಚರು ತನ್ನ ಮಗಳನ್ನೇ ಮುಂದೆ ಕೂರಿಸಿಕೊಂಡಳು ಎಂದು ಯಾರೂ ಅನ್ನಬಾರದಲ್ಲ! ಸ್ಕೂಲಿನಲ್ಲೂ ಎತ್ತರದ ಹುಡುಗಿಯೆಂದು ಅವಳಿಗೆ ಕಡೆಯ ಬೆಂಚೇ ಸಿಕ್ಕಿತ್ತು. ಅಲ್ಲಿ ಪಕ್ಕದ ಹುಡುಗಿಯ ಪುಸ್ತಕ ನೋಡಿ ಬರೆದುಕೊಂಡು ನಿಭಾಯಿಸುತ್ತಿದ್ದಳು ಎಂಬುದು ಆಮೇಲೆ ತಿಳಿದ ಸಂಗತಿ.

ನನ್ನ ಕ್ಲಾಸಿನಲ್ಲಿ ಆ ಅನುಕೂಲವಿರಲಿಲ್ಲ. ಬೋರ್ಡಿನ ಮೇಲೆ 'ಹಸು ಹುಲ್ಲು ತಿನ್ನುತ್ತದೆ' ಎಂದು ಬರೆದು ಓದಿಸಿದರೆ ಗಿರಿಜಕ್ಕನ ಹುಡುಗರು ತಡವರಿಸುತ್ತಾದರೂ ಹುಲ್ಲನ್ನು ತಲುಪುತ್ತಿದ್ದರು. ಚೈತ್ರ ಕಣ್ಣು ಕಿರಿದು ಮಾಡಿ, ಕತ್ತು ಓರೆ ಮಾಡಿ, ಕೊನೆಗೆ "ಹಸು ಹಾಲು ಕೊಡುತ್ತದೆ" ಎನ್ನುತ್ತಿದ್ದಳು. ಸುಳ್ಳೇನಲ್ಲ, ಆದರೆ ಬೋರ್ಡಿನಲ್ಲಿರಲಿಲ್ಲ. ಮನೆಯಲ್ಲಿ ಪುಸ್ತಕ ಕೊಟ್ಟರೆ ಓದುತ್ತಾಳೆ, ತಾರಸಿಯಲ್ಲಿ ಓದುವುದಿಲ್ಲ. ಇದಕ್ಕೆ ಕಾರಣ ಏನಿರಬಹುದೆಂದು ನಾನೂ ನನ್ನವರೂ ಕಾಫಿ ಕುಡಿಯುತ್ತಾ ಚಿಂತಿಸಿ, ವಿದ್ಯಾವಂತರಿಗೆ ಮಾತ್ರ ಹೊಳೆಯುವಂಥ ಕಾರಣವೊಂದನ್ನು ಕಂಡುಹಿಡಿದೆವು. ಮಗುವಿಗೆ ಭಾಷಾಭಿಮಾನವಿಲ್ಲ! ನಾಲ್ಕು ಜನರ ಮುಂದೆ ಕನ್ನಡ ಓದಲು ನಾಚಿಕೆ, ತಮಿಳುನಾಡಿನ ನೀರು ಕುಡಿದದ್ದರ ಪ್ರಭಾವ.

ರೋಗ ತಿಳಿದ ಮೇಲೆ ಚಿಕಿತ್ಸೆ ಸುಲಭ. ಒಂದು ಶನಿವಾರ ಎಲ್ಲರ ಎದುರಿಗೇ, "ನಿನಗೆ ಇಷ್ಟವಿದ್ರೆ ಬಾ, ಇಲ್ದಿದ್ರೆ ಬರಬೇಡ, ನಮ್ಮ ಭಾಷೆ ಯಾರಿಗೂ ಭಾರ ಆಗೋದು ಬೇಡ" ಎಂದುಬಿಟ್ಟೆ. ಆಮೇಲಿನ ಶನಿವಾರಗಳಲ್ಲಿ ಅವಳಿಗೆ ಹೊಟ್ಟೆನೋವು ಬರತೊಡಗಿತು. ನಾನು ಓಮದ ನೀರು ಕುಡಿಸಿದೆ. ಕನ್ನಡವೆಂದರೆ ಹೊಟ್ಟೆನೋವು ಎನ್ನುವ ಮಗಳನ್ನು ನಾನೇ ತಯಾರು ಮಾಡುತ್ತಿದ್ದೆ.

ಕಾಪಾಡಿದ್ದು ಆ ಊರಿನ ನವೆಂಬರ್ ಮಳೆ. ತಾರಸಿ ಕೆರೆಯಾಯಿತು, ಕ್ಲಾಸು ನಮ್ಮ ಹಾಲಿಗೆ ಇಳಿಯಿತು. ಹಾಲೆಂದರೆ ಎಷ್ಟು ದೊಡ್ಡದು! ಸೋಫಾದ ಮೇಲೆ ಒಣಗದ ಬಟ್ಟೆ, ಬಾಗಿಲಲ್ಲಿ ತೊಟ್ಟಿಕ್ಕುವ ಕೊಡೆಗಳು, ಉಳಿದ ಜಾಗದಲ್ಲಿ ಮಕ್ಕಳೆಲ್ಲ ಒಬ್ಬರ ತೊಡೆಗೊಬ್ಬರು ತಾಗಿಸಿಕೊಂಡು ಕೂತರು. ಕಡೆಯ ಸಾಲು ಎಂಬುದೇ ಇರಲಿಲ್ಲ. ಕುರ್ಚಿಗೆ ಒರಗಿಸಿದ್ದ ಸಣ್ಣ ಬೋರ್ಡನ್ನು ಚೈತ್ರ ಗಡಗಡನೆ ಓದಿ ಮುಗಿಸಿದಳು. ಒತ್ತಕ್ಷರಗಳನ್ನೂ ಬಿಡಲಿಲ್ಲ. "ಇವತ್ತು ಹೇಗೆ ಬಂತೇ?" ಎಂದೆ.

"ಇನ್ನಿಕ್ಕಿ ಬೋರ್ಡ್‌ಲ ಎಳುತ್ತು ಇದೆಯಲ್ಲಮ್ಮ" ಎಂದಳು. ಇವತ್ತು ಬೋರ್ಡಿನಲ್ಲಿ ಅಕ್ಷರ ಇದೆಯಲ್ಲ, ಎಂದು. ತಾರಸಿಯ ಬೋರ್ಡಿನಲ್ಲಿ ಬಿಳಿ ಮೋಡವಷ್ಟೇ ಇರುತ್ತದಂತೆ. ಗಿರಿಜಕ್ಕನ ಹುಡುಗರು ಅದನ್ನು ನೋಡಿ ಹೇಗೋ ಕಥೆ ಕಟ್ಟುತ್ತಾರೆ, ತನಗೆ ಕಟ್ಟಲು ಬರುವುದಿಲ್ಲ ಎಂದು ಅವಳು ತಿಳಿದಿದ್ದಳು.

ದೀಪದ ಕೆಳಗೆ ಕತ್ತಲು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮಕ್ಕಳ ವಿಷಯದಲ್ಲಿ ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇವೆ, ಮಕ್ಕಳ ಕಣ್ಣನ್ನೇ ನೋಡುವುದಿಲ್ಲ. ಹುಟ್ಟಿದ ಹೊಸತರಲ್ಲಿ ಕಾಡಿಗೆ ತೀಡುತ್ತೇವೆ, ಅದನ್ನೂ ಡಾಕ್ಟರು ಬೇಡವೆಂದರೂ ಕದ್ದು ತೀಡುತ್ತೇವೆ. ಮದುವೆಮನೆಯಿಂದ ಬಂದರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತೇವೆ. ಊರವರ ದೃಷ್ಟಿಯ ಬಗ್ಗೆ ಇಷ್ಟು ಎಚ್ಚರವಿದ್ದ ನಾನು ಮಗಳ ದೃಷ್ಟಿಯನ್ನು ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ. ಮೇಲಿನ ಮನೆಯ ಮಾಮಿಯಂತೂ ವಿಷಯ ಕೇಳಿದೊಡನೆ, ಕಣ್ಣಿಗೆ ಒಳ್ಳೆಯದೆಂದು ಹೊನಗೊನ್ನೆ ಸೊಪ್ಪಿನ ಕಟ್ಟು ಹಿಡಿದೇ ಬಂದರು. ಸೊಪ್ಪು ಒಳ್ಳೆಯದೇ, ಪಲ್ಯ ಮಾಡಿ ತಿಂದೆವು. ಬೋರ್ಡು ಮಾತ್ರ ಹತ್ತಿರ ಬರಲಿಲ್ಲ.

ಕಣ್ಣಾಸ್ಪತ್ರೆಯಲ್ಲಿ ಒಂದು ಕಣ್ಣು ಮುಚ್ಚಿ ಓದಿಸಿದರು, ಆಮೇಲೆ ಇನ್ನೊಂದು. ಗೋಡೆಯ ಮೇಲಿನ ಅತಿ ದೊಡ್ಡ ಅಕ್ಷರವನ್ನು ಬಿಟ್ಟು ಅವಳಿಗೆ ಏನೂ ಕಾಣಲಿಲ್ಲ. ಹಿಂದೆ ಕೂತಿದ್ದ ನಾನು ಕೆಳಗಿನ ಸಾಲುಗಳನ್ನೆಲ್ಲ ಮನಸ್ಸಿನಲ್ಲೇ ಓದಿ ಅವಳ ಬಾಯಿಗೆ ತುಂಬಲು ನೋಡುತ್ತಿದ್ದೆ, ಪರೀಕ್ಷೆಯಲ್ಲಿ ಕಾಪಿ ಹೊಡೆಸುವವಳಂತೆ. ಡಾಕ್ಟರಮ್ಮ ಬೈಯಲಿಲ್ಲ. "ಕೊಳಂದೈಂಗ ತಾನಾ ಸೊಲ್ಲಮಾಟ್ಟಾಂಗಮ್ಮಾ" ಎಂದರು. ಮಕ್ಕಳು ತಾವಾಗಿ ಹೇಳುವುದಿಲ್ಲ, ಜಗತ್ತು ಎಲ್ಲರಿಗೂ ಹೀಗೇ ಕಾಣುತ್ತದೆಂದು ಅವರು ತಿಳಿದಿರುತ್ತಾರೆ. ಅದಕ್ಕೇ ಸ್ಕೂಲಿಗೆ ಸೇರಿಸುವ ಮೊದಲೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನಾವೇ ಕರೆದುಕೊಂಡು ಬಂದು ತೋರಿಸಬೇಕು ಎಂದು ವಿವರಿಸಿದರು. ನಾನು ತಲೆಯಾಡಿಸಿದೆ. ಭಾಷಾಭಿಮಾನದ ವಿಷಯ ಎತ್ತಲಿಲ್ಲ.

ಕಂದು ಫ್ರೇಮಿನ ಕನ್ನಡಕ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತವಳು, "ಅಮ್ಮಾ, ಬಸ್ ಬಂದು ನಿಲ್ಲೋಕ್ ಮುಂಚೇನೇ ನಂಬರ್ ಗೊತ್ತಾಗತ್ತಾ ಎಲ್ಲರ್ಗೂ?" ಎಂದು ಕೇಳಿದಳು. ಗೊತ್ತಾಗುತ್ತೆ ಎಂದೆ.

ಮಳೆ ಬಿಟ್ಟಿತು. ಕ್ಲಾಸು ಮತ್ತೆ ತಾರಸಿ ಹತ್ತಿತು. ಮುಂದೆ ಬಾ ಎಂದರೂ ಕೇಳದೆ, ಕನ್ನಡಕದ ಶಕ್ತಿ ನೋಡಲೆಂದು ಅವಳು ಹಿಂದೆಯೇ ಕೂತಳು. ಬಯಲಿನಲ್ಲಿ ಕಡಲ ಗಾಳಿಯ ಎದುರು ಪಾಠ ಹೇಳುವುದೆಂದರೆ ಗಂಟಲು ಹರಿಯುವಂತೆ ಕೂಗಬೇಕು, ನಾನು ಕೂಗುತ್ತಿದ್ದೆ. ಅವಳು ಬೋರ್ಡು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಏನೇ ಅದು? ಬೋರ್ಡ್ ನೋಡು" ಎಂದೆ.

"ಅಮ್ಮಾ, ನೀ ಪಾಠ ಹೇಳ್ಕೊಡುವಾಗ ನಗ್ತಾನೇ ಇರ್ತೀಯಾ?"

"ಇರ್ತೀನಪ್ಪ. ಯಾಕೆ?"

"ಇಲ್ಲೀವರ್ಗೂ ಸತ್ತಂ ಮಾತ್ರ ಬರ್ತಿತ್ತು" ಎಂದಳು. ಸತ್ತಂ ಎಂದರೆ ಸದ್ದು. "ಯಾವಾಗ್ಲೂ ಕೋಪದಲ್ಲೇ ಇರ್ತೀಯ ಅಂದ್ಕೊಂಡಿದ್ದೆ."

ಆವತ್ತು ಪಾಠ ಮುಂದುವರಿಯಲಿಲ್ಲ. ಮಕ್ಕಳನ್ನು ಆಟಕ್ಕೆ ಬಿಟ್ಟು ಟ್ಯಾಂಕಿನ ಮರೆಯಲ್ಲಿ ನಿಂತು ಕಣ್ಣೊರೆಸಿಕೊಂಡೆ. ಬೋರ್ಡು ಕಾಣದಿದ್ದರೆ ಇವತ್ತಲ್ಲ ನಾಳೆ ಟೀಚರಿಗೆ ತಿಳಿಯುತ್ತದೆ, ಇಲ್ಲವೇ ಮಾರ್ಕ್ಸ್ ಕಾರ್ಡು ಹೇಳುತ್ತದೆ. ಅಮ್ಮನ ನಗು ಕಾಣದಿದ್ದರೆ ಯಾರು ಹೇಳುತ್ತಾರೆ? ಈಗ ಚೈತ್ರಳಿಗೆ ಬೇಕಾದಷ್ಟು ಕನ್ನಡಕಗಳಿವೆ, ನನಗೂ ಒಂದಿದೆ. ಆದರೂ ಸಣ್ಣ ಮಕ್ಕಳಿರುವವರು ಯಾರೇ ಸಿಗಲಿ, ಕಣ್ಣು ತೋರಿಸಿದ್ರಾ ಎಂದು ಕೇಳದೆ ಬಿಡುವುದಿಲ್ಲ. ಅವರು ನಕ್ಕು, ನಮ್ಮ ಮಗೂಗೆ ಬೋರ್ಡು ಚೆನ್ನಾಗಿ ಕಾಣತ್ತಂತೆ ಎನ್ನುತ್ತಾರೆ. ಬೋರ್ಡು ಹಾಳಾಗಲಿ, ನಿಮ್ಮ ಮುಖ ಕಾಣತ್ತಾ ಕೇಳಿ ಎನ್ನುತ್ತೇನೆ.